ಶಸ್ತ್ರಚಿಕಿತ್ಸೆಯ ಬಳಿಕ ಜೋಡಿ ಮೊಲಗಳನ್ನು ಮತ್ತೆ ಕೂಡಿಸುವ ಬಗೆ

ತಾಯಿ ಸತ್ತ ಕುರಿಮರಿಯನ್ನು ಬೇರೊಂದು ಕುರಿಗೆ ಹಚ್ಚುವಾಗ, ಆ ಕುರಿಯ ಸತ್ತ ಮರಿಯ ತೊಗಲನ್ನು ತಬ್ಬಲಿಯ ಬೆನ್ನಿಗೆ ಹೊದಿಸುವ ಉಪಾಯವನ್ನು ನಮ್ಮ ಕುರಿಗಾಹಿಗಳು ಹಿಂದಿನಿಂದಲೂ ಬಲ್ಲರು. ಕುರಿ ತನ್ನ ಮರಿಯನ್ನು ಗುರುತಿಸುವುದು ಮುಖ್ಯವಾಗಿ ಮೂಗಿನಿಂದ. ಮೊಲದ ವಿಷಯವೂ ಹೀಗೆಯೇ. ಒಂದೇ ಗೂಡಿನಲ್ಲಿ ಮೈಗೆ ಮೈ ಹಚ್ಚಿ ಮಲಗುತ್ತಿದ್ದ ಎರಡು ಮೊಲಗಳಲ್ಲಿ ಒಂದನ್ನು ಬೆಳಿಗ್ಗೆ ಆಸ್ಪತ್ರೆಗೆ ಒಯ್ದು ಸಂಜೆ ತಂದು ಬಿಟ್ಟರೆ, ಮನೆಯಲ್ಲಿ ಉಳಿದದ್ದು ಅದನ್ನು ಬೇರೆ ಪ್ರಾಣಿಯೆಂದೇ ಬಗೆದು ಮೇಲೆ ಬೀಳಬಹುದು. ಔಷಧಿಯ ವಾಸನೆ ಮೈಗೆ ಹತ್ತಿರುತ್ತದೆ, ತನ್ನ ವಾಸನೆ ಅಳಿಸಿ ಹೋಗಿರುತ್ತದೆ. ಹಸಿ ಹೊಲಿಗೆಯ ಮೇಲೆ ಮೊಲದ ಹಿಂಗಾಲಿನ ಒಂದು ಏಟು ಬಿದ್ದರೂ ಗಾಯ ಬಿಚ್ಚಿಕೊಳ್ಳುತ್ತದೆ.

ಮಕ್ಕಳ ಆಸೆಗೆಂದು ಒಂದು ಜೋಡಿ ಬಿಳಿ ಮೊಲ ತಂದು ಸಾಕುವ ಮನೆಗಳು ಕಲಬುರಗಿ ನಗರದಲ್ಲಿಯೂ ಉಂಟು, ಕಮಲಾಪುರದ ಕಡೆಯ ತೋಟದ ಮನೆಗಳಲ್ಲಿಯೂ ಉಂಟು. ಮಾರುವವರು ಎರಡೂ ಹೆಣ್ಣೆಂದು ಹೇಳಿದ್ದರೂ ನಂಬಬಾರದು. ಎಳೆಯ ಮೊಲಗಳಲ್ಲಿ ಗಂಡು ಹೆಣ್ಣು ತಿಳಿಯುವುದು ಅನುಭವಿಗಳಿಗೂ ಕಷ್ಟ. ಮೊಲದ ಗರ್ಭಾವಧಿ 30ರಿಂದ 32 ದಿನ ಮಾತ್ರ. ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗರ್ಭ ಧರಿಸಬಲ್ಲದು. ಆದ್ದರಿಂದ ಮಾರಾಟಕ್ಕಲ್ಲದೆ ಮನೆಯ ಸಂತೋಷಕ್ಕಾಗಿ ಸಾಕುವವರು ಸಂತಾನಹರಣ ಮಾಡಿಸುವುದೇ ಸರಿ. ಹೆಣ್ಣಿಗೆ ಇದರಿಂದ ಇನ್ನೊಂದು ಲಾಭವಿದೆ. ಮೂರು ನಾಲ್ಕು ವರ್ಷ ದಾಟಿದ, ಶಸ್ತ್ರಚಿಕಿತ್ಸೆಯಾಗದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ.

ಇಲ್ಲಿ ಹೇಳುತ್ತಿರುವುದು ಸಾಕು ಮೊಲದ ಮಾತು. ತೊಗರಿ ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ತಂದು ಗೂಡಿಗೆ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅದು ಬೇರೆಯದೇ ಜಾತಿ, ಸೆರೆಯಲ್ಲಿ ಬದುಕುವುದೂ ಅಪರೂಪ.

ಯಾವ ಕಾಲದಲ್ಲಿ ಮಾಡಿಸಬೇಕು

ಗಂಡಿಗೆ ನಾಲ್ಕು ತಿಂಗಳು ತುಂಬಿದ ಮೇಲೆ, ಹೆಣ್ಣಿಗೆ ಐದಾರು ತಿಂಗಳ ವಯಸ್ಸಿಗೆ ಶಸ್ತ್ರಚಿಕಿತ್ಸೆ ಮಾಡಿಸಬಹುದು. ನಮ್ಮ ಭಾಗದಲ್ಲಿ ವಯಸ್ಸಿನಷ್ಟೇ ಹವೆಯನ್ನೂ ನೋಡಬೇಕು. ಹೋಳಿ ಹುಣ್ಣಿಮೆಯಾಗಿ ಐದನೆಯ ದಿನ ಶರಣಬಸವೇಶ್ವರ ದೇವಸ್ಥಾನದ ಮುಂದೆ ತೇರು ಎಳೆಯುವ ಹೊತ್ತಿಗೆ ಬಿಸಿಲು ಏರತೊಡಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮೊಲ ನಮ್ಮಂತೆ ಬೆವರುವುದಿಲ್ಲ. ಕಿವಿಗಳ ಮೂಲಕ ಮೈಯ ಕಾವನ್ನು ಹೊರಹಾಕುತ್ತದೆ. 30 ಡಿಗ್ರಿ ದಾಟಿದರೆ ಅದಕ್ಕೆ ತೊಂದರೆ ಆರಂಭ. ಕೊಯ್ದ ಮೈಗೆ ಆ ಬಿಸಿಲಿನ ಭಾರವೂ ಸೇರಬಾರದು. ಮುಂದೆ ಹೇಳುವಂತೆ ಎಲ್ಲ ಕೆಲಸಕ್ಕೂ ಎರಡು ತಿಂಗಳಾದರೂ ಹಿಡಿಯುತ್ತದೆ. ಆದ್ದರಿಂದ ದೀಪಾವಳಿ ಮುಗಿದ ಮೇಲೆ ಮಾಡಿಸಿ, ಶರಣರ ಜಾತ್ರೆಯೊಳಗೆ ಜೋಡಿಯನ್ನು ಕೂಡಿಸಿ ಮುಗಿಸುವಂತೆ ಲೆಕ್ಕ ಹಾಕಿಕೊಳ್ಳಿರಿ.

ಶಸ್ತ್ರಚಿಕಿತ್ಸೆಗೆ ಮೊದಲು ನಾಯಿಗೆ ಉಪವಾಸ ಹಾಕುತ್ತಾರೆ. ಮೊಲಕ್ಕೆ ಹಾಗೆ ಮಾಡಕೂಡದು. ಮೊಲಕ್ಕೆ ವಾಂತಿಯಾಗುವುದಿಲ್ಲ, ಅದರ ಕರುಳು ಸದಾ ಚಲಿಸುತ್ತಿರಬೇಕು. ಹೊರಡುವವರೆಗೂ ಹುಲ್ಲು, ನೀರು ಇಟ್ಟಿರಿ, ಬುಟ್ಟಿಯಲ್ಲಿ ಅದು ತಿನ್ನುವ ಸೊಪ್ಪನ್ನೂ ಒಯ್ಯಿರಿ. ಎಲ್ಲ ಪಶುವೈದ್ಯರಿಗೂ ಮೊಲದ ರೂಢಿ ಇರುವುದಿಲ್ಲ. ಮೊದಲೇ ಹೋಗಿ, ಮೊಲಕ್ಕೆ ಅರಿವಳಿಕೆ ಕೊಟ್ಟು ಅಭ್ಯಾಸವಿದೆಯೇ ಎಂದು ಸಂಕೋಚವಿಲ್ಲದೆ ಕೇಳಿರಿ.

ಮನೆಗೆ ತಂದ ದಿನ

ಮೊದಲ ಹನ್ನೆರಡು ತಾಸು ನೋಡಬೇಕಾದದ್ದು ಎರಡೇ: ತಿನ್ನುತ್ತದೆಯೋ, ಹಿಕ್ಕೆ ಹಾಕುತ್ತದೆಯೋ. ಎರಡೂ ಇಲ್ಲದಿದ್ದರೆ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕಾಣಿರಿ. ಕರುಳು ನಿಂತ ಮೊಲ ಒಂದೆರಡು ದಿನದಲ್ಲಿ ಸಾಯಬಹುದು, ಮತ್ತು ಶಸ್ತ್ರಚಿಕಿತ್ಸೆಗಿಂತ ಹೆಚ್ಚಾಗಿ ಈ ಅಲಕ್ಷ್ಯವೇ ಅಪಾಯಕಾರಿ. ನೋವಿದ್ದರೆ ಮೊಲ ಕೂಗುವುದಿಲ್ಲ, ಮೂಲೆಯಲ್ಲಿ ಮುದುಡಿ ಕುಳಿತು ಹಲ್ಲು ಕಡಿಯುತ್ತದೆ. ನೋವಿನ ಔಷಧಿಯನ್ನು ವೈದ್ಯರಿಂದಲೇ ಪಡೆಯಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್‌ನಂಥ ಗುಳಿಗೆಗಳನ್ನು ಬಾಯಿಗೆ ಹಾಕಿದರೆ ಮೊಲದ ಕರುಳಿನ ಉಪಯುಕ್ತ ಜೀವಾಣುಗಳು ನಾಶವಾಗಿ ಪ್ರಾಣಕ್ಕೇ ಸಂಚಕಾರ. ಹಾಗೆಯೇ ನಾಯಿಯ ಉಣ್ಣೆಗೆ ಹಚ್ಚುವ ಫಿಪ್ರೊನಿಲ್ ಮದ್ದನ್ನು ಮೊಲಕ್ಕೆ ಎಂದೂ ಹಚ್ಚಬೇಡಿರಿ.

ಗೂಡಿನಲ್ಲಿ ಕಟ್ಟಿಗೆ ಹೊಟ್ಟಿನ ಬದಲು ಹತ್ತು ದಿನ ತೊಳೆದ ಹಳೆಯ ಧೋತ್ರದ ಬಟ್ಟೆ ಹಾಸಿ ದಿನವೂ ಬದಲಿಸಿರಿ. ಗಾಯವನ್ನು ಎರಡು ಹೊತ್ತು ನೋಡಿರಿ, ನೊಣ ಕೂಡಲು ಬಿಡಬೇಡಿರಿ. ಆಹಾರಕ್ಕೆ ಒಣಹುಲ್ಲು, ಕರಿಕೆ, ಕೊತ್ತಂಬರಿ ಸೊಪ್ಪು ಒಳ್ಳೆಯದು. ಎಳೆ ಜೋಳದ ಸೊಪ್ಪಿನಿಂದ ದನಗಳು ಸಾಯುವುದನ್ನು ಕಂಡವರು ಮೊಲಕ್ಕೂ ಅದನ್ನು ಹಾಕಬಾರದೆಂದು ತಿಳಿದಿರಬೇಕು. ಕಮಲಾಪುರದವರು ಕೆಂಬಾಳೆಹಣ್ಣನ್ನು ಪ್ರೀತಿಯಿಂದ ತಿನ್ನಿಸಬಹುದು, ಆದರೆ ಉಗುರಿನಷ್ಟು ಚೂರು ಸಾಕು. ಸಿಹಿ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ.

ಆರು ವಾರದ ಅಗಲಿಕೆ

ಹೋರಿಯ ಬೀಜ ಒಡೆಸಿದ ಮರುದಿನವೇ ಅದು ಎತ್ತಿನ ಗುಣಕ್ಕೆ ಬರುವುದಿಲ್ಲ. ಗಂಡು ಮೊಲವೂ ಅಷ್ಟೆ. ಬೀಜ ತೆಗೆದ ನಂತರವೂ ನಾಳಗಳಲ್ಲಿ ಉಳಿದ ವೀರ್ಯಾಣುಗಳಿಂದ ನಾಲ್ಕರಿಂದ ಆರು ವಾರದವರೆಗೆ ಗರ್ಭ ನಿಲ್ಲಿಸಬಲ್ಲದು. ಹೆಣ್ಣಿಗೆ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ ಪೂರ್ತಿ ಆರು ವಾರ ಎರಡನ್ನೂ ಬೇರೆ ಇಡಬೇಕು. ‘ಒಂದೇ ಗಳಿಗೆ ಬಿಟ್ಟಿದ್ದೆವು’ ಎಂಬ ಮಾತು ಇಲ್ಲಿ ನಡೆಯದು. ಮೊಲಗಳಿಗೆ ಒಂದು ನಿಮಿಷವೇ ಬೇಕಾದಷ್ಟು. ಎರಡಕ್ಕೂ ಆಗಿದ್ದರೆ ಬಸಿರಿನ ಭಯವಿಲ್ಲ, ಆದರೂ ಹೆಣ್ಣಿನ ಹೊಟ್ಟೆಯ ಹೊಲಿಗೆ ಮಾಯಲು ಎರಡು ವಾರ ಬೇಕು. ಗಂಡಿನ ಏರುವ ಚಟ ಅಷ್ಟರಲ್ಲಿ ತಗ್ಗಿರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಆಗಲೂ ಒಂದು ತಿಂಗಳು ಕಾಯುವುದು ಲೇಸು.

ಬೇರೆ ಇಡುವುದೆಂದರೆ ಕಣ್ಮರೆ ಮಾಡುವುದಲ್ಲ. ಒಂದನ್ನು ಪಡಸಾಲೆಯಲ್ಲಿ, ಇನ್ನೊಂದನ್ನು ಹಿತ್ತಲಲ್ಲಿ ಇಟ್ಟರೆ ಆರು ವಾರದಲ್ಲಿ ಪರಸ್ಪರ ಮರೆತೇಬಿಡುತ್ತವೆ. ಎರಡು ಗೂಡುಗಳನ್ನು ಎದುರುಬದುರು ಇಟ್ಟು ನಡುವೆ ನಾಲ್ಕು ಬೆರಳಿನ ಅಂತರ ಬಿಡಿರಿ. ಜಾಲರಿಗೆ ಜಾಲರಿ ತಾಗಿದ್ದರೆ ಮೂಗು, ತುಟಿ ಕಚ್ಚಿಕೊಳ್ಳುತ್ತವೆ. ಮೇವಿನ ತಟ್ಟೆಗಳನ್ನು ಇಬ್ಬದಿಯಲ್ಲೂ ಜಾಲರಿಯ ಹತ್ತಿರವೇ ಇಟ್ಟರೆ, ಆ ವಾಸನೆ ಬಂದಾಗ ಹೊಟ್ಟೆ ತುಂಬುತ್ತದೆ ಎಂಬ ನೆನಪು ಉಳಿಯುತ್ತದೆ. ಗಾಯ ಮಾದ ಮೇಲೆ ಇದರ ಹಾಸಿಗೆ ಬಟ್ಟೆಯನ್ನು ಅದಕ್ಕೆ, ಅದರದ್ದನ್ನು ಇದಕ್ಕೆ ಹಾಕಿರಿ. ಒಂದು ವಾರದ ನಂತರ ಮೊಲಗಳನ್ನೇ ಗೂಡು ಬದಲಿಸಿರಿ. ಮೊದಲು ಸಿಟ್ಟಿನಿಂದ ಹಾಸಿಗೆ ಕೆದರಿ ಮೂತ್ರ ಸಿಂಪಡಿಸಬಹುದು. ನಾಲ್ಕಾರು ದಿನದಲ್ಲಿ ಅದೇ ಬಟ್ಟೆಯ ಮೇಲೆ ಕಾಲು ಚಾಚಿ ಮಲಗುತ್ತದೆ. ಕೂಡಿಸಲು ಹದವಾಯಿತೆಂಬುದರ ಮೊದಲ ಗುರುತು ಇದು.

ಮತ್ತೆ ಕೂಡಿಸುವ ಕ್ರಮ

ಯಾವ ಮೊಲದ ಗೂಡಿಗೂ ಇನ್ನೊಂದನ್ನು ಒಮ್ಮೆಲೆ ಬಿಡಬೇಡಿರಿ. ಅದರಲ್ಲೂ ಹೆಣ್ಣಿನ ಗೂಡಿಗೆ ಗಂಡನ್ನು ಬಿಟ್ಟರೆ ಕಾಳಗ ಖಚಿತವೆಂದೇ ಹೇಳಬಹುದು. ಎರಡೂ ಎಂದೂ ಕಾಲಿಡದ ಕೋಣೆಯನ್ನು ಆರಿಸಿರಿ. ನಮ್ಮ ಮನೆಗಳ ಶಹಾಬಾದ ಫರಸಿಯ ಮೇಲೆ ಮೊಲದ ಕಾಲು ಜಾರಿ ಅದು ಬೆದರುತ್ತದೆ, ಆದ್ದರಿಂದ ಜಮಖಾನ ಹಾಸಿರಿ. ಎರಡು ರಟ್ಟಿನ ಪೆಟ್ಟಿಗೆ ಇಟ್ಟು, ಪ್ರತಿಯೊಂದಕ್ಕೂ ಎರಡೆರಡು ಬಾಗಿಲು ಕತ್ತರಿಸಿರಿ. ಒಂದೇ ಬಾಗಿಲಿದ್ದರೆ ಒಳಗೆ ಹೊಕ್ಕದ್ದು ಸಿಕ್ಕಿಬೀಳುತ್ತದೆ. ನಡುವೆ ಹುಲ್ಲು ಹರಡಿರಿ. ನೀವು ದಪ್ಪ ಟವೆಲು, ಒಂದು ಕಸಬರಿಗೆ ಹಿಡಿದು ನೆಲದ ಮೇಲೆ ಕುಳಿತುಕೊಳ್ಳಿರಿ. ಮಕ್ಕಳನ್ನು ಆ ಹೊತ್ತಿಗೆ ಹೊರಗೆ ಕಳಿಸುವುದು ಒಳಿತು.

ಮೊದಲ ದಿನ ಹತ್ತು ಹದಿನೈದು ನಿಮಿಷ ಸಾಕು. ಒಂದನ್ನೊಂದು ನೋಡದಂತೆ ಕುಳಿತು ಮೈ ನೆಕ್ಕಿಕೊಳ್ಳುವುದು, ಹುಲ್ಲು ತಿನ್ನುವುದು ಒಳ್ಳೆಯ ಲಕ್ಷಣ, ಅಲಕ್ಷ್ಯವೆಂದು ನಿರಾಶರಾಗಬಾರದು. ತುಸು ಅಟ್ಟುವುದು, ಒಂದೆರಡು ಎಳೆ ಕೂದಲು ಕೀಳುವುದು, ಬೆನ್ನ ಮೇಲೆ ಏರುವುದು ಇವೆಲ್ಲ ಯಾರು ದೊಡ್ಡವರೆಂಬ ತೀರ್ಮಾನದ ಭಾಗ, ಸಹಿಸಬಹುದು. ಆದರೆ ತಲೆಯ ಕಡೆಯಿಂದ ಏರಿದರೆ ಕೂಡಲೇ ಇಳಿಸಿರಿ, ಕೆಳಗಿನದು ಕಚ್ಚಿದರೆ ಆಗುವ ಗಾಯ ಭೀಕರ. ಕಿವಿಗಳನ್ನು ಹಿಂದಕ್ಕೆ ಒತ್ತಿ, ಬಾಲ ಎತ್ತಿ, ಗುರುಗುಟ್ಟುತ್ತ ಸುತ್ತತೊಡಗಿದರೆ ಮುಂದಿನದು ಕಾಳಗವೇ. ಆಗ ನಡುವೆ ಕಸಬರಿಗೆ ಚಾಚಿ, ಟವೆಲು ಹಾಕಿ ಬಿಡಿಸಿರಿ. ಬರಿಗೈ ಹಾಕಿದರೆ ಕೈ ಹರಿಯುತ್ತದೆ.

ಪ್ರತಿ ಭೇಟಿಯನ್ನೂ ಎರಡೂ ಶಾಂತವಾಗಿರುವಾಗಲೇ ಮುಗಿಸಬೇಕು. ಜಗಳದ ಮೇಲೆ ಎತ್ತಿಕೊಂಡು ಹೋದರೆ ನೆನಪಿನಲ್ಲಿ ಉಳಿಯುವುದು ಜಗಳವೇ. ದಿನವೂ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸುತ್ತ, ಇಡೀ ಹಗಲು ತಂಟೆಯಿಲ್ಲದೆ ಮೂರು ನಾಲ್ಕು ದಿನ ಕಳೆದ ಮೇಲೆ ರಾತ್ರಿಯೂ ಜೊತೆಗಿಡಬಹುದು. ಕೆಲವು ಜೋಡಿಗೆ ಒಂದು ವಾರ ಸಾಕು, ಕೆಲವಕ್ಕೆ ಎರಡು ತಿಂಗಳೂ ಹಿಡಿದೀತು. ಅವು ಇರಬೇಕಾದ ಗೂಡನ್ನು ಮೊದಲು ವಿನೆಗರ್ ಬೆರೆಸಿದ ನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸಿ, ಒಳಗಿನ ಸಾಮಾನಿನ ಜಾಗಗಳನ್ನು ಬದಲಿಸಿರಿ. ಹಳೆಯ ಒಡೆತನದ ವಾಸನೆ ಉಳಿಯಬಾರದು.

ಮುಂದೆ ಎಂದಾದರೂ ಈ ಜೋಡಿಯಲ್ಲಿ ಒಂದನ್ನು ಹಲ್ಲಿನ ತೊಂದರೆಗೋ ಬೇರೆ ಕಾಯಿಲೆಗೋ ಆಸ್ಪತ್ರೆಗೆ ಒಯ್ಯುವ ಪ್ರಸಂಗ ಬಂದರೆ, ಇನ್ನೊಂದನ್ನೂ ಜೊತೆಗೇ ಒಯ್ಯಿರಿ. ಆಸ್ಪತ್ರೆಯ ವಾಸನೆ ಎರಡಕ್ಕೂ ಹತ್ತಿದರೆ ಅಪರಿಚಯದ ಪ್ರಶ್ನೆಯೇ ಏಳುವುದಿಲ್ಲ. ಇಷ್ಟೆಲ್ಲ ಮಾಡಿಯೂ ರಕ್ತ ಬರುವಂತೆ ಕಚ್ಚಾಡುವ ಜೋಡಿಗಳು ಇದ್ದೇ ಇರುತ್ತವೆ, ವಿಶೇಷವಾಗಿ ಎರಡೂ ಗಂಡಾಗಿದ್ದಾಗ. ಅವನ್ನು ಜಾಲರಿಯ ಎರಡು ಬದಿಗೆ ಇಟ್ಟುಕೊಂಡೇ ಸಾಕಬಹುದು. ಬಹಳಷ್ಟು ಮೊಲಗಳು ಜಾಲರಿಗೆ ಒರಗಿ ಅಕ್ಕಪಕ್ಕದಲ್ಲಿ ಮಲಗುವುದನ್ನು ಕಾಣುತ್ತೇವೆ. ಬೇಸಿಗೆಯಲ್ಲಿ ಆ ಎರಡೂ ಬದಿಗೆ ತಣ್ಣೀರಿನಲ್ಲಿ ನೆನೆಸಿ ಒರೆಸಿದ ಫರಸಿಯ ಒಂದೊಂದು ತುಂಡನ್ನು ಹಾಕಿ, ಗೂಡಿನ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿರಿ.