ಮೂರು ಕ್ರೈಸ್ತ ಕಾದಂಬರಿಗಳು

ಚಾರಿತ್ರಿಕ ಕಾದಂಬರಿಯೆಂಬುದು ಕನ್ನಡ ವಾಚಕರಿಗೆ ಹೊಸತಲ್ಲ. ಬಿ. ವೆಂಕಟಾಚಾರ್ಯರು ವಂಗಭಾಷೆಯಿಂದಲೂ ಗಳಗನಾಥರು ಮರಾಠಿಯಿಂದಲೂ ತಂದುಕೊಟ್ಟ ಕಥೆಗಳಲ್ಲಿ ಕೋಟೆಕೊತ್ತಲಗಳನ್ನೂ ರಣರಂಗಗಳನ್ನೂ ಕಂಡು ನಮ್ಮ ಹಿರಿಯರು ಹಿಗ್ಗಿದರು. ಈ ಹೊತ್ತು ನಾವು ಮಾತನಾಡಹೊರಟಿರುವುದು ಇನ್ನೂ ದೂರದ ಕಥೆಗಳನ್ನು ಕುರಿತು. ಅವುಗಳ ದೇಶ ನಮ್ಮದಲ್ಲ, ಕಾಲ ನಮ್ಮದಲ್ಲ, ಅವುಗಳ ಜೀವಾಳವಾದ ಕ್ರೈಸ್ತಮತವೂ ನಮ್ಮಲ್ಲಿ ಬಹುಮಂದಿಯದಲ್ಲ. ತರಗತಿಯಲ್ಲಿ ಇಂತಹ ಪುಸ್ತಕವೊಂದರ ಮಾತು ಬಂದಾಗ ಒಬ್ಬ ವಿದ್ಯಾರ್ಥಿ, “ಪರರ ಭಕ್ತಿಯ ಕಥೆಯಿಂದ ನಮಗೇನು ಪ್ರಯೋಜನ, ಸಾರ್?” ಎಂದು ಕೇಳಿದ. ಅಂದು ನಾವು ಕೊಟ್ಟ ಉತ್ತರ ನಮಗೇ ತೃಪ್ತಿಯಾಗಲಿಲ್ಲ. ಆ ಸಾಲವನ್ನು ಈಗ ತೀರಿಸಲು ಯತ್ನಿಸುತ್ತೇವೆ.

ಮತವನ್ನು ವಸ್ತುವಾಗಿ ಉಳ್ಳ ಕಾದಂಬರಿಗೆ ಒಂದು ಅಪಾಯವುಂಟು. ಗೆಲವು ಯಾರದೆಂಬುದು ಗ್ರಂಥಕರ್ತನಿಗೆ ಮೊದಲೇ ಗೊತ್ತು. ಸಿಂಹದ ಬಾಯಿಗೆ ನಗುತ್ತ ನಡೆಯುವ ಧೀರನನ್ನು ಚಿತ್ರಿಸಿ ನಮ್ಮ ಕಣ್ಣಲ್ಲಿ ನೀರು ಬರಿಸುವುದು ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ದ್ರೋಹಿಯ ವಿಷಯದಲ್ಲಿ. ಶತ್ರುವನ್ನೂ ಪ್ರೀತಿಸಬೇಕೆಂದು ಬೋಧಿಸುವ ಮತದ ಕಥೆಯಲ್ಲಿ, ಹಿಡಿದುಕೊಟ್ಟವನಿಗೆ ಯಾವ ಸ್ಥಾನ? ಯೇಸುವಿನ ಚರಿತ್ರೆಯಲ್ಲಿಯೇ ಯೂದನೆಂಬ ದ್ರೋಹಿಯಿದ್ದಾನಷ್ಟೆ. ಈ ಒರೆಗಲ್ಲಿನ ಮೇಲೆ, ನಮಗೆ ಪ್ರಿಯವಾದ ಮೂರು ಕಾದಂಬರಿಗಳನ್ನು ತಿಕ್ಕಿ ನೋಡೋಣ.

ಮೊದಲನೆಯದು ‘ಬೆನ್ ಹರ್’. ಇದನ್ನು ಬರೆದ ಲ್ಯೂ ವಾಲೇಸನು ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಸೇನಾಪತಿ. 1876ರಲ್ಲಿ ರೈಲುಪ್ರಯಾಣದಲ್ಲಿ ಇಂಗರ್ಸಾಲನೆಂಬ ಪ್ರಸಿದ್ಧ ನಾಸ್ತಿಕವಾದಿಯೊಡನೆ ಸಂಭಾಷಿಸಿದಾಗ, ತನ್ನ ಮತದ ವಿಷಯ ತನಗೇ ಎಷ್ಟು ಕಡಮೆ ತಿಳಿದಿದೆಯೆಂದು ಅವನು ನಾಚಿದನಂತೆ. ಪ್ಯಾಲೆಸ್ತೀನವನ್ನು ಕಣ್ಣಾರೆ ಕಾಣದೆಯೇ, ಪುಸ್ತಕಗಳನ್ನೂ ಭೂಪಟಗಳನ್ನೂ ಶೋಧಿಸಿ ಬರೆದ ಈ ಗ್ರಂಥ 1880ರಲ್ಲಿ ಹೊರಬಂದಿತು. ಯೂದಾ ಬೆನ್ ಹರನೆಂಬ ಯೆಹೂದಿ ತರುಣನ ಮನೆಯ ಮಾಳಿಗೆಯಿಂದ ಹೆಂಚೊಂದು ಜಾರಿ ರೋಮನ್ ಅಧಿಕಾರಿಯ ತಲೆಗೆ ಬೀಳುತ್ತದೆ. ಬಾಲ್ಯಸ್ನೇಹಿತನಾದ ಮೆಸ್ಸಾಲನೇ ಅವನನ್ನು ಹಿಡಿದುಕೊಡುತ್ತಾನೆ. ಯೂದನು ಹಡಗಿನಲ್ಲಿ ಹುಟ್ಟುಹಾಕುವ ಗುಲಾಮನಾಗುತ್ತಾನೆ. ತಾಯಿಯೂ ತಂಗಿಯೂ ಸೆರೆಮನೆಯಲ್ಲಿ ಕುಷ್ಠಕ್ಕೆ ತುತ್ತಾಗುತ್ತಾರೆ. 1959ರ ಚಲನಚಿತ್ರವನ್ನು ನೋಡಿದವರಾರೂ ಆ ರಥಗಳ ಪಂದ್ಯವನ್ನು ಮರೆಯಲಾರರು. ಪುಸ್ತಕದಲ್ಲಿ ಮೆಸ್ಸಾಲನು ಆ ಪಂದ್ಯದಿಂದ ಹೆಳವನಾಗಿ ಉಳಿಯುತ್ತಾನೆ. ಕೊನೆಗೆ ಅವನ ಜೊತೆಗಾತಿಯ ಕೈಯಿಂದಲೇ ಕೊಲೆಯಾದನೆಂದು ಕೇಳುತ್ತೇವೆ. ಕ್ರಿಸ್ತನ ರಾಜ್ಯ ಕತ್ತಿಯಿಂದ ಬರತಕ್ಕದ್ದಲ್ಲವೆಂದು ಯೂದನು ಶಿಲುಬೆಯ ಬಳಿ ಅರಿಯುತ್ತಾನೆ, ನಿಜ. ಆದರೆ ಆ ಅರಿವಿನ ಬೆಳಕು ಹಳೆಯ ಸ್ನೇಹಿತನವರೆಗೆ ಹರಿಯುವುದಿಲ್ಲ. ಕಥನಶಕ್ತಿಯಲ್ಲಿ ಈ ಕಾದಂಬರಿಗೆ ಸಾಟಿ ಕಡಮೆ. ನಮ್ಮ ಒರೆಗಲ್ಲಿನಲ್ಲಿ ಮಾತ್ರ ಬಣ್ಣ ತುಸು ಮಾಸುತ್ತದೆ.

ಎರಡನೆಯದು ಪೋಲೆಂಡಿನ ಹೆನ್ರಿಕ್ ಸಿಯೆಂಕೀವಿಚ್ ಬರೆದ ‘ಕ್ವೋ ವಾಡಿಸ್’. 1895-96ರಲ್ಲಿ ಪತ್ರಿಕೆಯಲ್ಲಿ ಭಾಗಭಾಗವಾಗಿ ಬಂದ ಈ ಕೃತಿಯ ಕಾಲ ನೀರೋ ಚಕ್ರವರ್ತಿಯದು. ಕ್ರಿ. ಶ. 64ರಲ್ಲಿ ರೋಮ್ ನಗರ ಸುಟ್ಟಾಗ ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿದರೆಂದು ಇತಿಹಾಸಕಾರ ಟ್ಯಾಸಿಟಸ್ ಹೇಳಿದ್ದಾನೆ. ಕಾದಂಬರಿ ನಿಂತಿರುವುದು ಈ ತಳಹದಿಯ ಮೇಲೆ. ಇದರ ನಾಯಿಕೆ ಲಿಜಿಯಾ, ಇಂದಿನ ಪೋಲೆಂಡಿನ ನೆಲದಲ್ಲಿದ್ದ ಜನಾಂಗವೊಂದರ ರಾಜಪುತ್ರಿ, ರೋಮಿನಲ್ಲಿ ಒತ್ತೆಯಾಳು. 1795ರಿಂದ 1918ರವರೆಗೆ ಪೋಲೆಂಡ್ ಸ್ವತಂತ್ರ ರಾಜ್ಯವಾಗಿರಲಿಲ್ಲವೆಂಬುದನ್ನು ನೆನೆದರೆ, ಅಲ್ಲಿಯ ವಾಚಕರು ಈ ಹುಡುಗಿಯಲ್ಲಿ ಯಾರನ್ನು ಕಂಡಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಈ ಕಥೆಯ ದ್ರೋಹಿ ಕೈಲೋ ಎಂಬ ಗ್ರೀಕ. ವಾಚಾಳಿ, ಹೇಡಿ, ಹಣಕ್ಕಾಗಿ ಯಾರನ್ನಾದರೂ ಮಾರತಕ್ಕವನು. ಗ್ಲಾಕಸನೆಂಬ ವೈದ್ಯನ ಸಂಸಾರವನ್ನು ಗುಲಾಮರ ವ್ಯಾಪಾರಿಗಳಿಗೆ ಒಪ್ಪಿಸಿದವನು. ನೀರೋವಿನ ಉದ್ಯಾನದಲ್ಲಿ ಕ್ರೈಸ್ತರನ್ನು ಕಂಬಗಳಿಗೆ ಕಟ್ಟಿ ದೀಪಗಳಂತೆ ಉರಿಸುವ ರಾತ್ರಿ, ಕೈಲೋ ತಲೆಯೆತ್ತಿ ನೋಡಿದರೆ ಉರಿಯುತ್ತಿರುವವನು ಅದೇ ಗ್ಲಾಕಸ್. ಕ್ಷಮೆ ಬೇಡುತ್ತಾನೆ; ಜ್ವಾಲೆಯ ನಡುವಿನಿಂದ ಕ್ಷಮೆ ದೊರೆಯುತ್ತದೆ. ಆ ಕ್ಷಣದಲ್ಲಿ ಹೇಡಿಯು, ಬೆಂಕಿಯಿಟ್ಟವನು ಚಕ್ರವರ್ತಿಯೇ ಎಂದು ಎಲ್ಲರೆದುರಿಗೆ ಕೂಗುತ್ತಾನೆ; ನಾಲಗೆಯನ್ನೂ ಪ್ರಾಣವನ್ನೂ ತೆರುತ್ತಾನೆ. ಇಲ್ಲಿ ದ್ರೋಹಿಗೆ ಸ್ಥಾನ ದೊರೆಯಿತು. ಆದರೆ ಅವನು ಧೀರನಾದ ಮೇಲೆ ದೊರೆಯಿತು.

ಧೀರನಾಗಲಾರದವನ ಪಾಡೇನು? ಈ ಪ್ರಶ್ನೆಯನ್ನು ಕೇಳಿದವನು ಜಪಾನಿನ ಶುಸಾಕು ಎಂಡೋ. ಅವನು ಹುಡುಗನಾಗಿದ್ದಾಗಲೇ ಕ್ರೈಸ್ತದೀಕ್ಷೆ ಪಡೆದವನು. ಆದರೆ ಆ ಮತ ತನ್ನ ಮೈಗೆ ಹೊಂದದ ಪಾಶ್ಚಾತ್ಯ ಉಡುಪಿನಂತಿದೆಯೆಂದು ಬಹುಕಾಲ ತೊಳಲಿದನು. 1966ರಲ್ಲಿ ಪ್ರಕಟವಾದ ಅವನ ಕಾದಂಬರಿಯ ಹೆಸರು ‘ಮೌನ’. ಜಪಾನಿನಲ್ಲಿ 1614ರಲ್ಲಿ ಕ್ರೈಸ್ತಮತ ನಿಷಿದ್ಧವಾಯಿತು. 1633ರಲ್ಲಿ ಫೆರೇರನೆಂಬ ಪೋರ್ಚುಗೀಸ್ ಪಾದ್ರಿ ಹಿಂಸೆಗೆ ಸೋತು ಮತವನ್ನು ತ್ಯಜಿಸಿದನು. ಇದು ಚರಿತ್ರೆ. ಕಾದಂಬರಿಯ ರೋಡ್ರಿಗಸ್ ಎಂಬ ತರುಣ ಪಾದ್ರಿ ಫೆರೇರನನ್ನು ಹುಡುಕಿಕೊಂಡು ಬರುತ್ತಾನೆ. ಅವನನ್ನು ಬೆಳ್ಳಿಗಾಗಿ ಹಿಡಿದುಕೊಡುವವನು ಕಿಚಿಜಿರೋ. ಕ್ರಿಸ್ತನ ಬಿಂಬವನ್ನು ತುಳಿಯೆಂದರೆ ತುಳಿಯುತ್ತಾನೆ, ಮತ್ತೆ ಅಳುತ್ತ ಬಂದು ಪಾಪನಿವೇದನೆಗೆ ನಿಲ್ಲುತ್ತಾನೆ, ಮತ್ತೆ ಬೀಳುತ್ತಾನೆ. ಹಿಂಸೆಯಿಲ್ಲದ ಕಾಲದಲ್ಲಿ ಹುಟ್ಟಿದ್ದರೆ ತಾನೂ ಒಳ್ಳೆಯ ಕ್ರೈಸ್ತನಾಗಿರುತ್ತಿದ್ದೆನೆಂಬುದು ಅವನ ಗೋಳು. ಅವನನ್ನು ಕಂಡರೆ ಪಾದ್ರಿಗೆ ಅಸಹ್ಯ.

ಸೆರೆಯಲ್ಲಿ ಒಂದು ರಾತ್ರಿ ರೋಡ್ರಿಗಸನಿಗೆ ಗೊರಕೆಯ ಸದ್ದು ಕೇಳಿಸುತ್ತದೆ. ತನ್ನ ಸಂಕಟದ ವೇಳೆಯಲ್ಲಿ ಕಾವಲುಗಾರ ನಿದ್ರಿಸುತ್ತಿರುವನೆಂದು ನಗುತ್ತಾನೆ, ಕೋಪಗೊಳ್ಳುತ್ತಾನೆ. ಅದು ಗೊರಕೆಯಲ್ಲವೆಂದು ಆಮೇಲೆ ತಿಳಿಯುತ್ತದೆ. ಗುಂಡಿಯಲ್ಲಿ ತಲೆಕೆಳಗಾಗಿ ತೂಗುಬಿದ್ದ ರೈತರ ನರಳಾಟ ಅದು. ಅವರು ಮತವನ್ನು ಆಗಲೇ ಬಿಟ್ಟಿದ್ದಾರೆ. ಪಾದ್ರಿಯು ಬಿಂಬವನ್ನು ತುಳಿದರೆ ಮಾತ್ರ ಅವರಿಗೆ ಬಿಡುಗಡೆ. ಅವನು ತುಳಿಯುತ್ತಾನೆ. ತಾನೇ ಬಿದ್ದ ಮೇಲೆ, ಮತ್ತೊಮ್ಮೆ ಬಾಗಿಲಿಗೆ ಬಂದ ಕಿಚಿಜಿರೋವಿನ ಪಾಪನಿವೇದನೆಯನ್ನು ಕೇಳುತ್ತಾನೆ. ಕೊನೆಯವರೆಗೂ ಧೀರನಾಗದ ದ್ರೋಹಿಗೂ ಇಲ್ಲಿ ಒಂದು ಸ್ಥಾನವಿದೆ. ನಮ್ಮ ದೃಷ್ಟಿಯಲ್ಲಿ ಈ ಮೂರರಲ್ಲಿ ಇದು ಹಿರಿದು.

ಆ ವಿದ್ಯಾರ್ಥಿಗೆ ಈಗ ನಾವು ಹೇಳಬಹುದಾದ ಉತ್ತರ ಇಷ್ಟೆ. ಪರರ ಭಕ್ತಿ, ಪರರ ಸಂಕಟ ದೂರದಿಂದ ನಮಗೆ ಬರಿಯ ಸದ್ದಾಗಿ ಕೇಳಿಸುತ್ತದೆ. ನಾವೂ ಅದನ್ನು ಗೊರಕೆಯೆಂದು ತಿಳಿದು ನಕ್ಕುಬಿಡುವುದುಂಟು. ಒಳ್ಳೆಯ ಕಾದಂಬರಿ ನಮ್ಮನ್ನು ಆ ಗೋಡೆಯ ಹತ್ತಿರಕ್ಕೆ ಕರೆದೊಯ್ಯುತ್ತದೆ; ಅದು ನರಳಾಟವೆಂದು ತಿಳಿಸುತ್ತದೆ. ಅದಕ್ಕಾಗಿ ನಾವು ನಮ್ಮ ಮತವನ್ನು ಬಿಡಬೇಕಾಗಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಕೇಳಿದರೆ ಸಾಕು.