ಶರಣಸಿರಸಗಿಯಿಂದ ಕಮಲಾಪುರಕ್ಕೆ ಒಂದು ದಿನ: ಕೋಟೆ, ಹಿನ್ನೀರು, ಖಡಕ್ ರೊಟ್ಟಿ ಮತ್ತು ಕೆಂಬಾಳೆಯ ಲೆಕ್ಕ

ಕಲಬುರಗಿ: ರಜೆ ಬಂತೆಂದರೆ ಇಲ್ಲಿನ ಮಂದಿ ಬೀದರ್, ವಿಜಯಪುರ, ಇಲ್ಲಾಂದ್ರೆ ಹೈದರಾಬಾದ್ ಕಡೆ ಹೊರಡುತ್ತಾರೆ. 'ನಮ್ಮೂರಾಗ ನೋಡ್ಲಿಕ್ಕಿ ಏನದ' ಎನ್ನುವುದು ಮನೆಮನೆಯ ಮಾತು. ಆದರೆ ಶರಣಸಿರಸಗಿಯಿಂದ ಬೆಳಿಗ್ಗೆ ಹೊರಟು, ನಗರ ದಾಟಿ, ಕಮಲಾಪುರ ಮುಟ್ಟಿ ಸಂಜೆಗೆ ಮನೆಗೆ ಬರುವಷ್ಟರಲ್ಲಿ 650 ವರ್ಷದ ಕಟ್ಟಡ, ನದಿಯ ಹಿನ್ನೀರು ಮತ್ತು ಭೌಗೋಳಿಕ ಸೂಚಿ ಮಾನ್ಯತೆ (ಜಿಐ ಟ್ಯಾಗ್) ಪಡೆದ ಎರಡು ಬೆಳೆ ಸಿಗುತ್ತವೆ. ಅವಸರ ಇಲ್ಲದೆ ಸುತ್ತಾಡುವವರಿಗೆ ಇಲ್ಲಿದೆ ಮಾಹಿತಿ.

ಬೆಳಿಗ್ಗೆ: ಹೊಲದ ದಾರಿ

ಶರಣಸಿರಸಗಿ ನಗರದ ಮಗ್ಗುಲಲ್ಲೇ ಇರುವ ಊರು. ನಗರ ಬೆಳೆದಂತೆ ಇಂಥ ಊರುಗಳ ಸುತ್ತ ಪ್ಲಾಟುಗಳು ಏಳುತ್ತಿದ್ದರೂ ಈ ಭಾಗದ ಗುರುತು ಇನ್ನೂ ಕಪ್ಪು ಮಣ್ಣಿನ ಹೊಲವೇ. ಮುಂಗಾರಿಗೆ ಬಿತ್ತಿದ ತೊಗರಿ ದೀಪಾವಳಿ ಹೊತ್ತಿಗೆ ಹಳದಿ ಹೂ ಬಿಡುತ್ತದೆ, ಡಿಸೆಂಬರ್–ಜನವರಿಗೆ ರಾಶಿಗೆ ಬರುತ್ತದೆ. ಗುಲಬರ್ಗಾ ತೊಗರಿ ಬ್ಯಾಳಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ.

ಹೊಲ ನೋಡಲು ಎಳ್ಳ ಅಮಾವಾಸ್ಯೆಗಿಂತ ಒಳ್ಳೆ ದಿನ ಇಲ್ಲ. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತಾರೆ. ಸಜ್ಜಿ ರೊಟ್ಟಿ, ಸಜ್ಜಿ ಕಡುಬು, ಜೊತೆಗೆ ಸೊಪ್ಪು, ಹಸಿಕಾಳು, ತರಕಾರಿ ಎಲ್ಲ ಕೂಡಿಸಿ ಮಾಡಿದ ಭಜ್ಜಿ ಪಲ್ಯ. ಆ ಹೊತ್ತಿಗೆ ಹೊಲದಾಗ ಏನೇನು ಬೆಳೆದದೆ ಅದೆಲ್ಲ ಭಜ್ಜಿ ಗಡಿಗೆಯಲ್ಲಿ ಇರುತ್ತದೆ. ಹೊಲ ಇಲ್ಲದವರನ್ನೂ ಕರೆದು ಉಣಿಸುವುದು ಇಲ್ಲಿನ ರೂಢಿ.

ನಗರದಲ್ಲಿ ಎರಡು ತಾಸು

ಬಹಮನಿ ಸುಲ್ತಾನರು 1347ರಲ್ಲಿ ರಾಜ್ಯ ಕಟ್ಟಿದಾಗ ರಾಜಧಾನಿ ಕಲಬುರಗಿ. ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುವುದು ವಾಡಿಕೆ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ. ಹೊರಗೆ ಬಿಸಿಲು ಸುಡುತ್ತಿದ್ದರೂ ಸಾಲು ಕಮಾನುಗಳ ನಡುವೆ ತಂಪು. ಕೋಟೆ ನೋಡಿಯೂ ಸಮಯ ಉಳಿದರೆ ಫಿರೋಜ್ ಶಾಹನ ಗೋರಿ ಇರುವ ಹಫ್ತ್ ಗುಂಬಜ್, ಖ್ವಾಜಾ ಬಂದೇನವಾಜ್ ದರ್ಗಾ, ಶರಣಬಸವೇಶ್ವರ ದೇವಸ್ಥಾನ ಇವೆ. ಮೂರನ್ನೂ ಒಂದೇ ದಿನ ಮುಗಿಸುವ ಹಟ ಬೇಡ, ಒಂದನ್ನು ಸಮಾಧಾನದಿಂದ ನೋಡಿದರೆ ಸಾಕು.

ಚಿತ್ರಕಲೆಯಲ್ಲೂ ಈ ಊರಿಗೆ ಹೆಸರಿದೆ. ಹಿಂದಿ ಸಿನಿಮಾ ಪೋಸ್ಟರ್‌ಗಳಿಗೆ ಮತ್ತು ದೇವರ ಕ್ಯಾಲೆಂಡರ್‌ಗಳಿಗೆ ಚಿತ್ರ ಬರೆದು ದೇಶಕ್ಕೆಲ್ಲ ಪರಿಚಿತರಾದ ಎಸ್.ಎಂ. ಪಂಡಿತ್ 1916ರಲ್ಲಿ ಹುಟ್ಟಿದ್ದು ಇಲ್ಲೇ. ಊರಿನ ರಂಗಮಂದಿರಕ್ಕೆ ಅವರದೇ ಹೆಸರು.

ಮಧ್ಯಾಹ್ನ: ಹುಮನಾಬಾದ್ ರಸ್ತೆ

ಕಮಲಾಪುರ ನಗರದಿಂದ ಸುಮಾರು 35 ಕಿ.ಮೀ. ದಾರಿಯಲ್ಲಿ ಕುರಿಕೋಟಾ ಸೇತುವೆ ಬರುತ್ತದೆ. ಕೆಳಗೆ ಬೆಣ್ಣೆತೊರಾ ಹಿನ್ನೀರು. ಮಳೆಗಾಲ ಮುಗಿದ ಮೇಲೆ ನೋಡಲು ಚೆಂದ. ಆದರೆ ಇದು ಹೆದ್ದಾರಿ, ಲಾರಿಗಳ ಓಡಾಟ ಜಾಸ್ತಿ. ಸೇತುವೆ ಮೇಲೆ ಗಾಡಿ ನಿಲ್ಲಿಸುವುದು, ಮಕ್ಕಳನ್ನು ನೀರಿಗಿಳಿಸುವುದು ಎರಡೂ ಬೇಡ. ಕಮಲಾಪುರ ತಾಲ್ಲೂಕಿನ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳ ಗುಂಪೊಂದಿದೆ. ಹೆದ್ದಾರಿಯಲ್ಲಿ ಓಡಾಡುವ ಬಹಳ ಮಂದಿ ಇಳಿದು ನೋಡದೆ ಮುಂದೆ ಹೋಗುತ್ತಾರೆ.

ಊಟಕ್ಕೆ ಖಾನಾವಳಿಯೇ ಸೈ. ಜೋಳದ ಖಡಕ್ ರೊಟ್ಟಿ, ಬದನಿಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ತೊಗರಿ ಬ್ಯಾಳಿ. ಹಬ್ಬ, ಜಾತ್ರೆ ದಿನಗಳಾದರೆ ಗೋಧಿ, ಬೆಲ್ಲದ ಮಾಲ್ದಿಯೂ ಸಿಗಬಹುದು. ಖಡಕ್ ರೊಟ್ಟಿಯಲ್ಲಿ ತೇವ ಇರುವುದಿಲ್ಲವಾದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ಒಂದು ಕಟ್ಟು ಕೊಂಡು ಚೀಲಕ್ಕೆ ಹಾಕಿಕೊಂಡರೆ ಮನೆಗೂ ಆಯಿತು.

ಕೆಂಬಾಳೆ ತುಟ್ಟಿ ಯಾಕೆ?

ಕಮಲಾಪುರ ಎಂದರೆ ಕೆಂಬಾಳೆ. 'ಒಂದು ಹಣ್ಣಿಗೆ ಇಷ್ಟು ರೊಕ್ಕಾ?' ಎಂದು ಕೇಳಿ ಮುಂದೆ ಹೋಗುವವರೇ ಹೆಚ್ಚು. ಲೆಕ್ಕ ಹೀಗಿದೆ. ಬೇರೆ ಬಾಳೆ ಹೆಚ್ಚುಕಡಿಮೆ ಒಂದು ವರ್ಷಕ್ಕೆ ಕೈಗೆ ಬರುತ್ತದೆ. ಕೆಂಬಾಳೆಗೆ ಸುಮಾರು 18 ತಿಂಗಳು ಬೇಕು. ಅಂದರೆ ಮೂರು ವರ್ಷದಲ್ಲಿ ಬೇರೆಯವರು ಮೂರು ಬೆಳೆ ತೆಗೆದರೆ ಕೆಂಬಾಳೆ ರೈತನಿಗೆ ಎರಡೇ. ಅಷ್ಟೂ ದಿನ ನೀರು, ಗೊಬ್ಬರ, ಆಳಿನ ಖರ್ಚು ನಡೆದೇ ಇರುತ್ತದೆ. ಗಿಡ ಎತ್ತರ, ಜೋರು ಗಾಳಿ ಬಂದರೆ ಗೊನೆ ಸಮೇತ ನೆಲಕ್ಕೆ.

ಮಣ್ಣು ಕೆಂಪಿರುವುದಕ್ಕೆ ಹಣ್ಣು ಕೆಂಪು ಎನ್ನುವ ಮಾತಿದೆ. ಸಿಪ್ಪೆಯ ಬಣ್ಣ ತಳಿಯದು, ಮಣ್ಣಿನದಲ್ಲ. ತಮಿಳುನಾಡು, ಕೇರಳದಲ್ಲೂ ಕೆಂಪು ಬಾಳೆ ಬೆಳೆಯುತ್ತಾರೆ. ಕಮಲಾಪುರದ ಕಣಿವೆಯ ಮಣ್ಣು, ನೀರಿನಿಂದ ಬರುವ ರುಚಿಗೆ ಜಿಐ ಮಾನ್ಯತೆ ಸಿಕ್ಕಿರುವುದು.

ವ್ಯಾಪಾರಸ್ಥರು ಗಮನಿಸಬೇಕಾದದ್ದು ಇಲ್ಲೇ. 1999ರ ಭೌಗೋಳಿಕ ಸೂಚಿ ಕಾಯ್ದೆ ಪ್ರಕಾರ ಈ ಹೆಸರು ಆ ಸೀಮೆಯ ಬೆಳೆಗಾರರ ಸೊತ್ತು. ಹೊರಗಿನಿಂದ ತರಿಸಿದ ಕೆಂಪು ಬಾಳೆಯನ್ನು 'ಕಮಲಾಪುರದ್ದು' ಎಂದು ಮಾರುವುದು ತಪ್ಪು, ಶಿಕ್ಷೆಗೂ ಅವಕಾಶ ಇದೆ. ಹೊರಗಿನ ಹಣ್ಣು ಮಾರಬಾರದು ಅಂತಲ್ಲ. ಅದನ್ನು ಬರೀ 'ಕೆಂಪು ಬಾಳೆ' ಎಂದು ಮಾರಿದರೆ ತಕರಾರಿಲ್ಲ.

ಆದರೆ ಕಾಯ್ದೆ ಕಾಯುವುದು ಹೆಸರನ್ನು ಮಾತ್ರ. ತೋಟ ಉಳಿಯಬೇಕಾದರೆ ಗಿರಾಕಿ ಬೇಕು. 18 ತಿಂಗಳು ಕಾದ ರೈತನಿಗೆ ತಕ್ಕ ದರ ಸಿಗದಿದ್ದರೆ ಆತ ಬೇಗ ಬರುವ ಬೆಳೆಗೆ ಹೊರಳುತ್ತಾನೆ. ಆಮೇಲೆ ಹೆಸರು ಕಾಗದದಲ್ಲಷ್ಟೇ.

ಕೊಳ್ಳುವಾಗ

ಸಿಪ್ಪೆಯ ಬಣ್ಣ ನೋಡಿ ಊರು ಗುರುತಿಸಲು ಆಗುವುದಿಲ್ಲ. ಯಾವ ತೋಟದ್ದು ಎಂದು ಕೇಳುವುದೇ ದಾರಿ, ಸಾಧ್ಯವಾದರೆ ಬೆಳೆಗಾರರಿಂದಲೇ ಕೊಳ್ಳಬೇಕು. ಗಟ್ಟಿಯಿದ್ದಾಗ ತಿಂದರೆ ಒಗರು. ಒತ್ತಿದರೆ ಮೆತ್ತಗಾಗುವ ತನಕ ಮನೆಯಲ್ಲಿ ಹೊರಗೇ ಇಡಬೇಕು, ಫ್ರಿಜ್ ಬೇಡ.

ಸುತ್ತಾಟಕ್ಕೆ ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಕೋಟೆಯನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸುವುದು ವಾಸಿ. ಬೀದರ್, ಹೈದರಾಬಾದಿಗೆ ಹೋದರೆ ಖರ್ಚು ಮಾಡಿದ ರೊಕ್ಕ ಅಲ್ಲಿಯದಾಗುತ್ತದೆ. ಈ ದಾರಿಯಲ್ಲಿ ಹೋದರೆ ಅದು ಖಾನಾವಳಿಗೆ, ರೊಟ್ಟಿ ಬಡಿಯುವ ತಾಯಂದಿರಿಗೆ, ಬಾಳೆ ತೋಟಕ್ಕೆ ಸೇರುತ್ತದೆ.