ಬ್ರೌನಿಂಗ್‌ನ ಎರಡು ಪಿಸ್ತೂಲುಗಳು ಮತ್ತು ಭಾರತದ ಆಯ್ಕೆ

ಇಪ್ಪತ್ತನೆಯ ಶತಮಾನದಲ್ಲಿ ಜಗತ್ತಿನ ಸೇನೆಗಳು ಬಳಸಿದ ಪಿಸ್ತೂಲುಗಳ ಪೈಕಿ ಅಮೆರಿಕದ ಕೋಲ್ಟ್ ಕಂಪನಿಯ 1911 ಮಾದರಿಯೂ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಹೈ-ಪವರ್ ಮಾದರಿಯೂ ಬಹಳ ದೀರ್ಘಕಾಲ ಬಾಳಿದವು. ಇವೆರಡರಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ಆಯುಧಗಳನ್ನು ಅಭ್ಯಾಸ ಮಾಡುವವರ ನಡುವೆ ಇಂದಿಗೂ ಮುಗಿದಿಲ್ಲ. ಭಾರತ ಸರ್ಕಾರ ಈ ಪ್ರಶ್ನೆಗೆ ತನ್ನದೇ ಉತ್ತರವನ್ನು ಕೊಟ್ಟುಕೊಂಡು ಹಲವು ದಶಕಗಳೇ ಕಳೆದಿವೆ. ಪಶ್ಚಿಮ ಬಂಗಾಳದ ಈಶಾಪುರದಲ್ಲಿರುವ ರೈಫಲ್ ಕಾರ್ಖಾನೆ ನಮ್ಮ ಸೈನ್ಯಕ್ಕೂ ಪೊಲೀಸ್ ಪಡೆಗಳಿಗೂ ತಯಾರಿಸಿಕೊಟ್ಟಿರುವ 9 ಮಿ.ಮೀ. ಪಿಸ್ತೂಲು ಹೈ-ಪವರ್‌ನ ಭಾರತೀಯ ರೂಪವೇ ಆಗಿದೆ. ಆ ಆಯ್ಕೆಯ ಹಿಂದಿನ ಕಾರಣಗಳನ್ನು ಅರಿತರೆ, ಆಯುಧವೊಂದರ ಗುಣವನ್ನು ಅದರ ಹೆಸರಿನಿಂದಲೋ ಗುಂಡಿನ ಗಾತ್ರದಿಂದಲೋ ಅಳೆಯುವುದು ಎಷ್ಟು ಸಾಲದು ಎಂಬುದು ತಿಳಿಯುತ್ತದೆ.

ಎರಡೂ ಪಿಸ್ತೂಲುಗಳ ಮೂಲದಲ್ಲಿ ಇರುವವನು ಒಬ್ಬನೇ ವ್ಯಕ್ತಿ. 1855ರಲ್ಲಿ ಅಮೆರಿಕದ ಯೂಟಾ ಪ್ರಾಂತದ ಆಗ್ಡೆನ್ ಊರಿನಲ್ಲಿ, ಬಂದೂಕು ತಯಾರಕನ ಮಗನಾಗಿ ಹುಟ್ಟಿದ ಜಾನ್ ಮೋಸೆಸ್ ಬ್ರೌನಿಂಗ್, ಗುಂಡು ಸಿಡಿದಾಗ ಹಿಂದಕ್ಕೆ ಒದೆಯುವ ಬಲವನ್ನೇ ದುಡಿಸಿಕೊಂಡು ಮುಂದಿನ ತೋಟೆಯನ್ನು ತಾನಾಗಿ ನಳಿಗೆಗೆ ಏರಿಸುವ ಯಂತ್ರಗಳನ್ನು ರೂಪಿಸಿದವರಲ್ಲಿ ಅಗ್ರಗಣ್ಯನು. ತೋಟೆ ಎಂದರೆ ಗುಂಡು, ಮದ್ದು ಮತ್ತು ಮದ್ದಿಗೆ ಕಿಡಿ ಹೊತ್ತಿಸುವ ಮೊಗ್ಗು ಮೂರನ್ನೂ ಹಿತ್ತಾಳೆಯ ಕವಚದಲ್ಲಿ ಕೂಡಿಸಿದ ಒಂದು ಘಟಕ. ಟ್ರಿಗರ್ ಅನ್ನು ಒಮ್ಮೆ ಒತ್ತಿದಾಗ ಒಂದೇ ಗುಂಡು ಹಾರಿ, ಖಾಲಿ ಕವಚ ಹೊರಗೆ ಚಿಮ್ಮಿ, ಹೊಸ ತೋಟೆ ಅದರ ಜಾಗಕ್ಕೆ ಬಂದು ನಿಲ್ಲುವ ವ್ಯವಸ್ಥೆಗೆ ಅರೆ-ಸ್ವಯಂಚಾಲಿತ ಎಂದು ಹೆಸರು. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರಿಸುತ್ತಲೇ ಇರುವ ಮಷಿನ್‌ಗನ್ನಿಗೂ, ತೋಟೆಗಳನ್ನು ತಿರುಗುವ ಉರುಳೆಯ ಗೂಡುಗಳಲ್ಲಿ ತುಂಬಿಕೊಳ್ಳುವ ರಿವಾಲ್ವರ್‌ಗೂ ಪಿಸ್ತೂಲಿಗೂ ಇರುವ ಭೇದ ಇದರಲ್ಲಿಯೇ ಇದೆ.

1911 ಮಾದರಿ ಹುಟ್ಟಿದ್ದು ಯುದ್ಧಭೂಮಿಯ ಒಂದು ದೂರಿನಿಂದ. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಮೋರೋ ಜನರೊಂದಿಗೆ ಕಾದಾಡುತ್ತಿದ್ದ ಅಮೆರಿಕದ ಸೈನಿಕರು, ತಮ್ಮ .38 ಅಳತೆಯ ರಿವಾಲ್ವರ್‌ಗಳ ಗುಂಡು ತಗುಲಿದರೂ ಎದುರಾಳಿ ನಿಲ್ಲುತ್ತಿಲ್ಲವೆಂದು ವರದಿ ಮಾಡಿದರು. ಈ .38 ಅಥವಾ .45 ಎಂಬ ಸಂಖ್ಯೆಗಳು ಗುಂಡಿನ ವ್ಯಾಸವನ್ನು ಸ್ಥೂಲವಾಗಿ ಅಂಗುಲದ ನೂರನೆಯ ಭಾಗಗಳಲ್ಲಿ ಹೇಳುತ್ತವೆ. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಸೇನಾಧಿಕಾರಿಗಳು ಕಸಾಯಿಖಾನೆಯ ದನಗಳ ಮೇಲೂ ಮಾನವ ಶವಗಳ ಮೇಲೂ ಪರೀಕ್ಷೆ ನಡೆಸಿ, ಸೇನೆಯ ಪಿಸ್ತೂಲು .45ಕ್ಕಿಂತ ಚಿಕ್ಕದಾಗಿರಬಾರದೆಂದು ಶಿಫಾರಸು ಮಾಡಿದರು. ಇಂದಿನ ಅಳತೆಗೋಲಿನಲ್ಲಿ ಆ ಪರೀಕ್ಷೆ ವೈಜ್ಞಾನಿಕವೆನಿಸುವುದಿಲ್ಲವಾದರೂ ಅದರ ತೀರ್ಮಾನ ಅಮೆರಿಕದ ಸೇನೆಯನ್ನು ಎಂಟು ದಶಕಗಳ ಕಾಲ ಆಳಿತು. ಹೊಸ .45 ಪಿಸ್ತೂಲಿನ ಆಯ್ಕೆಗಾಗಿ ನಡೆದ ಅಂತಿಮ ಪರೀಕ್ಷೆಯಲ್ಲಿ ಬ್ರೌನಿಂಗ್‌ನ ಪಿಸ್ತೂಲು 6,000 ಗುಂಡುಗಳನ್ನು ಎಲ್ಲಿಯೂ ಸಿಕ್ಕಿಹಾಕಿಕೊಳ್ಳದೆ ಹಾರಿಸಿ, ಸ್ಪರ್ಧೆಯಲ್ಲಿದ್ದ ಸ್ಯಾವೇಜ್ ಕಂಪನಿಯ ಪಿಸ್ತೂಲನ್ನು ಹಿಂದಿಕ್ಕಿತು. 1911ರ ಮಾರ್ಚ್ 29ರಂದು ಸೇನೆ ಅದನ್ನು ಅಂಗೀಕರಿಸಿತು. 1985ರಲ್ಲಿ ಇಟಲಿ ಮೂಲದ ಬೆರೆಟ್ಟಾ ಪಿಸ್ತೂಲು ಆಯ್ಕೆಯಾಗುವವರೆಗೆ ಆ ಸ್ಥಾನ ಅದರದೇ ಆಗಿತ್ತು.

ಹೈ-ಪವರ್‌ನ ಕಥೆಯಲ್ಲಿ ತಿರುವುಗಳು ಹೆಚ್ಚು. ಮೊದಲ ಮಹಾಯುದ್ಧದ ನಂತರ ಫ್ರಾನ್ಸಿನ ಸೇನೆ, ಹೆಚ್ಚು ತೋಟೆಗಳನ್ನು ಹಿಡಿಸಬಲ್ಲ ಪಿಸ್ತೂಲು ಬೇಕೆಂದು ಕೇಳಿದಾಗ ಎಫ್‌ಎನ್ ಕಾರ್ಖಾನೆ ಬ್ರೌನಿಂಗ್‌ನ ಮೊರೆ ಹೊಕ್ಕಿತು. ಅದೇ ಕಾರ್ಖಾನೆಯ ದ್ಯೂದೊನೆ ಸೇವ್ ಎಂಬ ಯುವ ತಂತ್ರಜ್ಞ, ತೋಟೆಗಳನ್ನು ಒಂದರ ಮೇಲೊಂದು ನೇರವಾಗಿ ಪೇರಿಸುವ ಬದಲು ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಕೂರಿಸುವ ಮ್ಯಾಗಜೀನನ್ನು, ಅಂದರೆ ಹಿಡಿಯೊಳಗೆ ಜಾರಿಸುವ ತೋಟೆಪೆಟ್ಟಿಗೆಯನ್ನು ರೂಪಿಸಿದನು. ಹಿಡಿ ಅಂಗೈಗೆ ದಪ್ಪವೆನಿಸದಂತೆ 13 ತೋಟೆಗಳನ್ನು ಹಿಡಿಸಲು ಸಾಧ್ಯವಾದದ್ದು ಇದರಿಂದ. 1926ರಲ್ಲಿ ಬ್ರೌನಿಂಗ್ ಬೆಲ್ಜಿಯಂನಲ್ಲಿಯೇ ತೀರಿಕೊಂಡನು. 1911 ಮಾದರಿಗೆ ಸಂಬಂಧಿಸಿದ ಪೇಟೆಂಟ್‌ಗಳನ್ನು ಆತನೇ ಕೋಲ್ಟ್ ಕಂಪನಿಗೆ ಮಾರಿದ್ದರಿಂದ ಹೊಸ ಪಿಸ್ತೂಲಿನಲ್ಲಿ ತನ್ನ ಹಳೆಯ ಉಪಾಯಗಳನ್ನು ಬಳಸಲು ಅವನಿಗೆ ಆಗಿರಲಿಲ್ಲ. 1928ರಲ್ಲಿ ಆ ಪೇಟೆಂಟ್‌ಗಳ ಅವಧಿ ಮುಗಿದಾಗ ಸೇವ್ ಅವುಗಳಲ್ಲಿ ಒಳ್ಳೆಯವನ್ನು ಆರಿಸಿ ಹೊಸದರಲ್ಲಿ ಸೇರಿಸಿದನು. ಕೇಳಿದ್ದ ಫ್ರಾನ್ಸ್ ಕೊನೆಗೆ ಬೇರೆ ಪಿಸ್ತೂಲನ್ನು ಆರಿಸಿಕೊಂಡಿತು, ಬೆಲ್ಜಿಯಂ 1935ರಲ್ಲಿ ಇದನ್ನು ತನ್ನದಾಗಿಸಿಕೊಂಡಿತು. 1940ರಲ್ಲಿ ಜರ್ಮನಿ ಬೆಲ್ಜಿಯಂ ಅನ್ನು ಆಕ್ರಮಿಸಿ ಅದೇ ಕಾರ್ಖಾನೆಯಲ್ಲಿ ತನ್ನ ಸೈನ್ಯಕ್ಕಾಗಿ ಈ ಪಿಸ್ತೂಲನ್ನು ಮಾಡಿಸಿಕೊಂಡರೆ, ಮಿತ್ರರಾಷ್ಟ್ರಗಳಿಗಾಗಿ ಕೆನಡಾದ ಟೊರಾಂಟೊ ನಗರದ ಜಾನ್ ಇಂಗ್ಲಿಸ್ ಕಂಪನಿ ಇದನ್ನೇ ತಯಾರಿಸಿತು. ಹೀಗೆ ಒಂದೇ ಪಿಸ್ತೂಲು ಯುದ್ಧದ ಎರಡೂ ಬಣಗಳ ಸೈನಿಕರ ಸೊಂಟದಲ್ಲಿತ್ತು. ಈಶಾಪುರದ ಪಿಸ್ತೂಲು ಆ ಕೆನಡಾದ ಮಾದರಿಯನ್ನು ಬಹುಮಟ್ಟಿಗೆ ಹೋಲುತ್ತದೆ.

ಎರಡರ ಗುಂಡುಗಳನ್ನು ಹೋಲಿಸುವಲ್ಲಿ ಜನಸಾಮಾನ್ಯರ ಕಲ್ಪನೆ ಹಲವು ವೇಳೆ ದಾರಿ ತಪ್ಪುತ್ತದೆ. .45ರ ಗುಂಡು ಸುಮಾರು 15 ಗ್ರಾಂ ತೂಗಿ ಸೆಕೆಂಡಿಗೆ ಸುಮಾರು 250 ಮೀಟರ್ ವೇಗದಲ್ಲಿ ಹೊರಟರೆ, 9 ಮಿ.ಮೀ. ಗುಂಡು ಅದರ ಅರ್ಧದಷ್ಟೇ, ಅಂದರೆ ಸುಮಾರು 8 ಗ್ರಾಂ ತೂಗಿದರೂ ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಸಾಗುತ್ತದೆ. ಚಲನಶಕ್ತಿಯ ಲೆಕ್ಕದಲ್ಲಿ ವೇಗವನ್ನು ವೇಗದಿಂದಲೇ ಗುಣಿಸಬೇಕಾದ್ದರಿಂದ ಎರಡೂ ಗುಂಡುಗಳ ಶಕ್ತಿ ಹೆಚ್ಚುಕಡಿಮೆ ಸಮವಾಗಿ 480 ಜೂಲ್‌ಗಳ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೆ ಕೈಗೆ ಬರುವ ಒದೆತ ತೂಕ ಮತ್ತು ವೇಗದ ನೇರ ಗುಣಲಬ್ಧವನ್ನು ಅವಲಂಬಿಸುವುದರಿಂದ .45ರ ಒದೆತ ಮೂರನೆಯ ಒಂದು ಭಾಗದಷ್ಟು ಹೆಚ್ಚಾಗುತ್ತದೆ. ದೊಡ್ಡ ಗುಂಡು ಅಗಲವಾದ ಗಾಯ ಮಾಡುತ್ತದೆಂಬುದು ನಿಜ. ಆದರೂ ಒದೆತ ಕಡಿಮೆಯಾದಷ್ಟೂ ಎರಡನೆಯ ಗುಂಡನ್ನು ಬೇಗ ಗುರಿಗೆ ತರಬಹುದು, ಹೊಸಬರಿಗೆ ಕಲಿಸುವುದೂ ಸುಲಭ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ದೊಡ್ಡ ಗುಂಡುಗಳ ಕಡೆಗೆ ಹೋಗಿ, 2010ರ ದಶಕದಲ್ಲಿ ಮತ್ತೆ 9 ಮಿ.ಮೀ.ಗೆ ಮರಳಿದ್ದು ಮುಖ್ಯವಾಗಿ ಈ ಕಾರಣಗಳಿಂದಲೇ.

ಯಂತ್ರರಚನೆಯಲ್ಲಿ ಎರಡೂ ಅಣ್ಣತಮ್ಮಂದಿರಂತೆ ಕಂಡರೂ ಸ್ವಭಾವ ಬೇರೆಬೇರೆ. ಎರಡರಲ್ಲಿಯೂ ನಳಿಗೆ ಮತ್ತು ಅದರ ಮೇಲೆ ಜಾರುವ ಉಕ್ಕಿನ ಹೊದಿಕೆ ಗುಂಡು ಹಾರಿದ ಕ್ಷಣ ಕೂಡಿಕೊಂಡು ಹಿಂದೆ ಸರಿದು, ಒತ್ತಡ ಇಳಿದ ಮೇಲೆ ಬೇರ್ಪಡುತ್ತವೆ. 1911ರಲ್ಲಿ ನಳಿಗೆಯನ್ನು ಕೆಳಗಿಳಿಸುವುದು ತೂಗಾಡುವ ಚಿಕ್ಕ ಕೊಂಡಿ. ಹೈ-ಪವರ್‌ನಲ್ಲಿ ಆ ಕೆಲಸವನ್ನು ನಳಿಗೆಯ ಅಡಿಯಲ್ಲಿಯೇ ಕೊರೆದ ಓರೆಯಾದ ಕಚ್ಚು ಮಾಡುತ್ತದೆ. ಬಿಡಿಭಾಗ ಕಡಿಮೆಯಿರುವ ಈ ಎರಡನೆಯ ವಿಧಾನವನ್ನೇ ಮುಂದೆ ಬಂದ ಬಹುಪಾಲು ಪಿಸ್ತೂಲುಗಳು ಅನುಸರಿಸಿದವು. ಟ್ರಿಗರ್ ವಿಷಯದಲ್ಲಿ ಮಾತ್ರ 1911ಕ್ಕೆ ಸಾಟಿಯಿಲ್ಲ: ಅದು ನೇರವಾಗಿ ಹಿಂದಕ್ಕೆ ಜಾರುವುದರಿಂದ ಒತ್ತುವ ಬೆರಳಿಗೆ ಹದ ಸ್ಪಷ್ಟವಾಗಿ ಸಿಗುತ್ತದೆ, ಗುರಿಕ್ರೀಡೆಯವರು ಇದನ್ನು ಇಂದಿಗೂ ಬಿಟ್ಟುಕೊಡದಿರಲು ಅದೇ ಕಾರಣ. ಹೈ-ಪವರ್‌ನಲ್ಲಿ ಮ್ಯಾಗಜೀನ್ ತೆಗೆದರೆ ಗುಂಡು ಹಾರದಂತೆ ತಡೆಯುವ ಒಂದು ಭದ್ರತಾ ಸನ್ನೆ ಟ್ರಿಗರ್‌ಗೆ ಜೋಡಿಸಿಕೊಂಡಿರುವುದರಿಂದ ಒತ್ತು ಒರಟಾಗಿರುತ್ತದೆ. ಹಿಡಿಯನ್ನು ಅಂಗೈ ಬಿಗಿಯಾಗಿ ಹಿಡಿದ ಹೊರತು ಗುಂಡು ಹಾರದಂತೆ ಮಾಡುವ ಸನ್ನೆ 1911ರಲ್ಲಿ ಇದೆ, ಹೈ-ಪವರ್‌ನಲ್ಲಿ ಇಲ್ಲ. ತೋಟೆಗಳ ಲೆಕ್ಕ 7ಕ್ಕೆ 13.

ಇವನ್ನೆಲ್ಲ ತೂಗಿದರೆ, ಚೆನ್ನಾಗಿ ಪಳಗಿದ ಒಬ್ಬ ಗುರಿಕಾರನ ಕೈಗೆ 1911 ಒಳ್ಳೆಯದು, ಸಾವಿರಾರು ಜನರಿಗೆ ತರಬೇತಿ ಕೊಟ್ಟು ಆಯುಧ ಹಂಚಬೇಕಾದ ಸಂಸ್ಥೆಗೆ ಹೈ-ಪವರ್ ಒಳ್ಳೆಯದು ಎಂದು ಧೈರ್ಯವಾಗಿ ಹೇಳಬಹುದು. ಭಾರತದ ಮಟ್ಟಿಗೆ ಇನ್ನೊಂದು ಅಂಶವೂ ಇತ್ತು. ನಮ್ಮ ಸೈನ್ಯ ಮತ್ತು ಪೊಲೀಸರು ಬಳಸಿದ ಸ್ಟರ್ಲಿಂಗ್ ಮಾದರಿಯ ಕಾರ್ಬೈನಿಗೂ 9 ಮಿ.ಮೀ. ತೋಟೆಯೇ ಬೇಕಾಗಿದ್ದರಿಂದ, ಅದೇ ತೋಟೆಯ ಪಿಸ್ತೂಲನ್ನು ಆರಿಸಿದಾಗ ತೋಟೆಯ ತಯಾರಿಕೆ, ದಾಸ್ತಾನು, ಸಾಗಣೆ ಎಲ್ಲವೂ ಒಂದೇ ಸರಪಳಿಯಲ್ಲಿ ನಡೆಯುವಂತಾಯಿತು. ಪಿಸ್ತೂಲು ಎಷ್ಟೇ ಶ್ರೇಷ್ಠವಾಗಿದ್ದರೂ ಅದರ ತೋಟೆ ಠಾಣೆಯ ಉಗ್ರಾಣದಲ್ಲಿ ಇಲ್ಲದಿದ್ದರೆ ಅದು ಕಬ್ಬಿಣದ ತುಂಡಾಗಿ ಉಳಿಯುತ್ತದೆ.

ನಾಗರಿಕನ ಆಯ್ಕೆಯ ದಾರಿ ಬೇರೆಯೇ ಆಗಿದ್ದು, ಅದನ್ನು ಮೊದಲು ನಿರ್ಧರಿಸುವುದು ಕಾನೂನು. 1959ರ ಆಯುಧ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಸೇನೆಯ 9 ಮಿ.ಮೀ. ತೋಟೆಯನ್ನು ಹಾರಿಸಬಲ್ಲ ಪಿಸ್ತೂಲು ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಅದಕ್ಕೆ ಪರವಾನಗಿ ಕೊಡುವ ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದೇ ಹೊರತು ಜಿಲ್ಲಾಧಿಕಾರಿಯದಲ್ಲ. ಖಾಸಗಿಯವರಿಗೆ ವಿದೇಶಿ ಆಯುಧಗಳ ಆಮದು 1980ರ ದಶಕದಲ್ಲಿಯೇ ನಿಂತುಹೋಗಿರುವುದರಿಂದ, ಅದಕ್ಕೂ ಮೊದಲು ದೇಶಕ್ಕೆ ಬಂದ ಹಳೆಯ ಕೋಲ್ಟ್‌ಗಳಿಗೆ ತಯಾರಿಕೆಯ ಬೆಲೆಗೆ ಏನೇನೂ ಸಂಬಂಧವಿಲ್ಲದ ದುಬಾರಿ ಬೆಲೆಯಿದೆ. ಉಳಿಯುವುದು ಮುಖ್ಯವಾಗಿ ದೇಶದಲ್ಲಿಯೇ ತಯಾರಾಗುವ .32 ಪಿಸ್ತೂಲು ಮತ್ತು .32 ರಿವಾಲ್ವರ್. ಪಿಸ್ತೂಲಿನ ಆ .32 ತೋಟೆಯೂ, ಅಮೆರಿಕದ .45 ತೋಟೆಯಂತೆಯೇ, ಬ್ರೌನಿಂಗ್ ರೂಪಿಸಿದ್ದು.

ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯಂತಹ ಮಳೆ ಕಡಿಮೆಯಿರುವ ಸೀಮೆಯಲ್ಲಿ, ಮೆಕ್ಕೆಜೋಳ ಶೇಂಗಾ ಬೆಳೆದು ಕಾಡುಪ್ರಾಣಿಗಳ ಕಾಟಕ್ಕೆ ರಾತ್ರಿ ಹೊಲ ಕಾಯುವ ರೈತನಿಗೆ ಈ ಪಿಸ್ತೂಲುಗಳಲ್ಲಿ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಕಾಯ್ದೆಯ 13ನೆಯ ಕಲಮು ಇದನ್ನು ಚೆನ್ನಾಗಿ ಗುರುತಿಸಿದೆ: ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕು, ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ತಿರುಚುಗೆರೆಗಳಿಲ್ಲದ ನಯವಾದ ಬಂದೂಕು ಇವುಗಳಿಗೆ ಪರವಾನಗಿ ಕೊಡುವ ವಿಷಯದಲ್ಲಿ ಅದು ಉದಾರವಾಗಿದ್ದು, ಪಿಸ್ತೂಲಿಗೆ ಮಾತ್ರ ಅರ್ಜಿದಾರ ಸಕಾರಣವನ್ನು ಮನಗಾಣಿಸಬೇಕೆಂದು ವಿಧಿಸುತ್ತದೆ. ಹಾಗೆ ಪಡೆದ ಬಂದೂಕು ಕೂಡ ಬೆದರಿಸಿ ಓಡಿಸುವುದಕ್ಕೇ ಹೊರತು ವನ್ಯಜೀವಿ ಕಾಯ್ದೆಯ ರಕ್ಷಣೆಯಿರುವ ಪ್ರಾಣಿಯನ್ನು ಕೊಲ್ಲುವುದಕ್ಕೆ ಅನುಮತಿಯಲ್ಲ. ಇದೇ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ನಾಲ್ಕು ಕೊಂಬಿನ ಹುಲ್ಲೆಗಾಗಿಯೇ ಅಭಯಾರಣ್ಯವಿರುವುದನ್ನು ಇಲ್ಲಿನ ಬಂದೂಕುದಾರರು ಸದಾ ನೆನಪಿನಲ್ಲಿಡಬೇಕು.

2016ರ ಆಯುಧ ನಿಯಮಗಳು ಹೊಸ ಅರ್ಜಿದಾರರಿಗೆ ಆಯುಧ ಸುರಕ್ಷತೆಯ ತರಬೇತಿಯನ್ನು ಸೇರಿಸಿದವು. ಆಯುಧ ಕಾಯ್ದೆಯ 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು, ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತರುವುದನ್ನು ಎರಡು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧವನ್ನಾಗಿ ಮಾಡಿತು. ಪರವಾನಗಿಯಿಲ್ಲದೆ ನಿರ್ಬಂಧಿತ ಆಯುಧವನ್ನು ಇಟ್ಟುಕೊಂಡವರಿಗೆ ಕನಿಷ್ಠ ಶಿಕ್ಷೆ ಈಗ 7 ವರ್ಷ.

ಹಿರಿಯರೊಬ್ಬರು ತೀರಿಕೊಂಡ ಮನೆಯಲ್ಲಿ ಅವರ ಹೆಸರಿನ ಪಿಸ್ತೂಲೋ ಬಂದೂಕೋ ಟ್ರಂಕಿನಲ್ಲಿ ಉಳಿದಿದ್ದರೆ, ಅದನ್ನು ವಂಶದ ನೆನಪೆಂದು ಹಾಗೆಯೇ ಇಟ್ಟುಕೊಳ್ಳುವುದು ಕಾನೂನುಬಾಹಿರ. ವಾರಸುದಾರರು ಅದನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಿ ರಸೀದಿ ಪಡೆದುಕೊಂಡು, ಬೇಕಿದ್ದರೆ ತಮ್ಮ ಹೆಸರಿಗೆ ಹೊಸ ಪರವಾನಗಿ ಕೋರಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು.